ಬಿ.ಎಡ್ ವಿದ್ಯಾರ್ಥಿಗೆ ಯಾವ ತಂತ್ರಜ್ಞಾನ ಕಲಿಸಬೇಕು? ಫಾರ್ಮ್ ಬಿಡಿ, ಕೆಲಸ ಕೊಟ್ಟು ನೋಡಿ

ಹೊಸ ಬ್ಯಾಚ್ ಬಂದ ಕೂಡಲೇ ಬಿ.ಎಡ್ ಕಾಲೇಜುಗಳಲ್ಲಿ ಒಂದು ಫಾರ್ಮ್ ಹಂಚುವ ರೂಢಿ ಇದೆ. "ನಿಮಗೆ ಯಾವ ತಂತ್ರಜ್ಞಾನ ತರಬೇತಿ ಬೇಕು?" ಅಂತ ಮೇಲೆ ಒಂದು ಪ್ರಶ್ನೆ, ಕೆಳಗೆ ಒಂದಿಷ್ಟು ಬಾಕ್ಸ್. ಪವರ್‌ಪಾಯಿಂಟ್, ಸ್ಮಾರ್ಟ್ ಬೋರ್ಡ್, ಆನ್‌ಲೈನ್ ಪರೀಕ್ಷೆ, ಈಗ ಎಐ. ವಿದ್ಯಾರ್ಥಿಗಳು ಎಲ್ಲದಕ್ಕೂ ಟಿಕ್ ಹಾಕುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ತರಗತಿಗೆ ಇನ್ನೂ ಕಾಲಿಡದವರಿಗೆ ಅಲ್ಲಿ ಏನು ಬೇಕಾಗುತ್ತದೆ ಅಂತ ಹೇಗೆ ಗೊತ್ತಾಗಬೇಕು?

ನಾನು ಉಡುಪಿಯ ಒಂದು ಬಿ.ಎಡ್ ಕಾಲೇಜಿನಲ್ಲಿ ವಿಜ್ಞಾನ ಬೋಧನಾ ಪದ್ಧತಿ ಹೇಳಿಕೊಡುತ್ತೇನೆ. ಇಂಟರ್ನ್‌ಶಿಪ್ ಸಮಯದಲ್ಲಿ ಶಾಲೆಗಳಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವುದೂ ನನ್ನ ಕೆಲಸ. ಅಲ್ಲಿ ಕೂತು ನೋಡಿದ್ದರಿಂದಲೇ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ತರಬೇತಿಯ ಅಗತ್ಯ ಕೇಳಿ ತಿಳಿಯುವಂಥದ್ದಲ್ಲ. ಕೆಲಸ ಕೊಟ್ಟು, ಪಕ್ಕದಲ್ಲಿ ನಿಂತು, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ನೋಡಬೇಕು. ನಾವು ಹೇಗೆ ಮಾಡುತ್ತೇವೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಮಂಗಳೂರಿನ, ಉಡುಪಿಯ ಉಪನ್ಯಾಸಕರಿಗೂ ಡಿ.ಎಲ್.ಎಡ್ (ಪ್ರಾಥಮಿಕ ಶಿಕ್ಷಕರಾಗುವವರ ಡಿಪ್ಲೊಮಾ) ಕಲಿಸುವವರಿಗೂ ಉಪಯೋಗ ಆಗಬಹುದು. ಬಿ.ಎಡ್ ಓದುತ್ತಿರುವವರು ತಾವೇ ಗುಂಪು ಕಟ್ಟಿಕೊಂಡು ಮಾಡಿದರೂ ಆಗುತ್ತದೆ.

ಮೊದಲು ಒಂದು ಮಧ್ಯಾಹ್ನ ಬೇಕು

ತರಗತಿಗಳು ಶುರುವಾದ ಮೊದಲ ವಾರಗಳಲ್ಲೇ ಒಂದು ಇಡೀ ಮಧ್ಯಾಹ್ನ ಬಿಡಿಸಿಕೊಳ್ಳಿ. ಲ್ಯಾಬಿನಲ್ಲಿ ನಾಲ್ಕೈದು ಮೇಜು ಹಾಕಿ, ಒಂದೊಂದರಲ್ಲಿ ಒಂದೊಂದು ಕೆಲಸ ಇಡಿ. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲಿ.

ಒಂದು ಮೇಜಿನಲ್ಲಿ ಎಂಟನೇ ತರಗತಿಯ ಅರ್ಧ ಪುಟದ ಪ್ರಶ್ನೆಪತ್ರಿಕೆ ಇಡಿ. ಅದನ್ನು ಕಂಪ್ಯೂಟರಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಬೇಕು. ಅದರಲ್ಲಿ ಒಂದು ಭಿನ್ನರಾಶಿ, ಒಂದು ವರ್ಗದ ಚಿಹ್ನೆ, ಒಂದು ಸಣ್ಣ ಚಿತ್ರ ಇರಲಿ. ಎರಡನೇ ಮೇಜಿನಲ್ಲಿ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಮತ್ತು ಬೇರೆ ಬೇರೆ ಕೇಬಲ್‌ಗಳ ಒಂದು ರಾಶಿ. ಪರದೆಯಲ್ಲಿ ಚಿತ್ರವೂ ಬರಬೇಕು, ಶಬ್ದವೂ ಕೇಳಬೇಕು. ಮೂರನೆಯದರಲ್ಲಿ ಪಠ್ಯಪುಸ್ತಕದ ಒಂದು ಅಧ್ಯಾಯ. ಅದರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಸಿಕ್ಕಿದ್ದರಲ್ಲಿ ಯಾವುದು 40 ನಿಮಿಷದ ಪೀರಿಯಡ್‌ಗೆ ಹೊಂದುತ್ತದೆ, ಯಾವುದು ಬೇಡ, ಯಾಕೆ ಬೇಡ ಅಂತ ಬರೆಯಬೇಕು. ನಾಲ್ಕನೆಯದರಲ್ಲಿ ಒಂದು ತರಗತಿಯ ಕಿರುಪರೀಕ್ಷೆಯ ಅಂಕಗಳು, ಪ್ರಶ್ನೆವಾರು. ಅದನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ, ಜಾಸ್ತಿ ಮಕ್ಕಳು ತಪ್ಪು ಮಾಡಿದ ಪ್ರಶ್ನೆ ಯಾವುದು ಅಂತ ಹೇಳಬೇಕು.

ನೀವು ಸಹಾಯ ಮಾಡಬೇಡಿ. ಇದು ಕಷ್ಟ, ಯಾಕೆಂದರೆ ನಾವು ಮೇಷ್ಟ್ರುಗಳು. ಯಾರಾದರೂ ತಡವರಿಸಿದರೆ ಕೈ ತಾನಾಗಿ ಮೌಸ್ ಕಡೆ ಹೋಗುತ್ತದೆ. ಕೈಯಲ್ಲಿ ನೋಟ್‌ಬುಕ್ ಹಿಡಿದುಕೊಳ್ಳಿ. ಎಲ್ಲಿ ನಿಂತರು, ಯಾರನ್ನು ಕೇಳಿದರು, ಏನು ಒತ್ತಿ ನೋಡಿದರು, ಎಷ್ಟು ಹೊತ್ತಿಗೆ ಬಿಟ್ಟುಬಿಟ್ಟರು ಅಂತ ಬರೆಯಿರಿ. ಇದು ಪರೀಕ್ಷೆ ಅಲ್ಲ, ಅಂಕ ಇಲ್ಲ ಅಂತ ಮೊದಲೇ ಸ್ಪಷ್ಟವಾಗಿ ಹೇಳಿ. ಇಲ್ಲದಿದ್ದರೆ ಗೊತ್ತಿಲ್ಲದವರು ಗೊತ್ತಿರುವವರ ಹಿಂದೆ ನಿಂತುಬಿಡುತ್ತಾರೆ, ನಿಮಗೆ ಏನೂ ಕಾಣುವುದಿಲ್ಲ.

ಸಂಜೆ ನೋಟ್‌ಬುಕ್ ಬಿಡಿಸಿ ನೋಡಿದರೆ ಆಶ್ಚರ್ಯ ಆಗುತ್ತದೆ. ಫೋನಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ವಿಡಿಯೋ ಎಡಿಟ್ ಮಾಡುವ ಹುಡುಗಿ ಕಂಪ್ಯೂಟರಿನಲ್ಲಿ ಫೈಲ್ ಎಲ್ಲಿ ಸೇವ್ ಆಯಿತು ಅಂತ ಹುಡುಕುತ್ತಿರುತ್ತಾಳೆ. ರೀಲ್ಸ್ ಮಾಡುವವರಿಗೆ ತಂತ್ರಜ್ಞಾನ ಹೇಳಿಕೊಡಬೇಕಾ ಅಂತ ಕೇಳುವವರು ಈ ಮಧ್ಯಾಹ್ನ ಬಂದು ನೋಡಬೇಕು.

ಕನ್ನಡ ಟೈಪಿಂಗ್: ಯಾರೂ ಟಿಕ್ ಹಾಕದ ಅಗತ್ಯ

ನಮ್ಮ ಮೇಜುಗಳಲ್ಲಿ ಅತಿ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಮೊದಲನೆಯದರಲ್ಲಿ. ಫೋನಿನಲ್ಲಿ ಎಲ್ಲರೂ ಸಲೀಸಾಗಿ ಕನ್ನಡ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಹೊಡೆದರೆ ಅದೇ ಕನ್ನಡ ಮಾಡಿಕೊಡುತ್ತದೆ, ಇಲ್ಲವಾದರೆ ಮಾತಾಡಿದರೆ ಸಾಕು. ಕೀಬೋರ್ಡ್ ಮುಂದೆ ಕೂತಾಗ ಕೈ ಓಡುವುದಿಲ್ಲ. ಶಾಲೆಗೆ ಹೋದ ಮೊದಲ ತಿಂಗಳಲ್ಲೇ ಅವರಿಗೆ ಪ್ರಶ್ನೆಪತ್ರಿಕೆ, ಪೋಷಕರಿಗೆ ನೋಟಿಸ್, ವಾರ್ಷಿಕೋತ್ಸವದ ವರದಿ ಟೈಪ್ ಮಾಡುವ ಕೆಲಸ ಬರುತ್ತದೆ. ಕನ್ನಡ ಮಾಧ್ಯಮ ಶಾಲೆಯಲ್ಲಿ "ಹೊಸ ಮೇಡಂಗೆ ಕಂಪ್ಯೂಟರ್ ಬರುತ್ತದೆ" ಅಂದರೆ ಮುಕ್ಕಾಲು ಪಾಲು ಇದೇ ಅರ್ಥ.

ನಾವು ಕಲಿಸುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ಜೋಡಣೆ, ಅಂದರೆ ಕೀಬೋರ್ಡಿನ ಯಾವ ಕೀಲಿಗೆ ಯಾವ ಕನ್ನಡ ಅಕ್ಷರ ಅನ್ನುವ ವ್ಯವಸ್ಥೆ. ಅವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಬಳಸುವುದೂ ಅವರ ಜೋಡಣೆಯನ್ನೇ. ವಿಂಡೋಸ್ ಬದಲು ಬಳಸುವ ಉಚಿತ ಉಬುಂಟುವಿನಲ್ಲಿ ಅದು 'ಕಗಪ' ಅನ್ನುವ ಹೆಸರಿನಲ್ಲಿ ಸಿಗುತ್ತದೆ. ನಮ್ಮ ಊರ ಹತ್ತಿರದವರೊಬ್ಬರ ಕೆಲಸದಿಂದ ಇಡೀ ರಾಜ್ಯ ಕನ್ನಡ ಟೈಪ್ ಮಾಡುತ್ತಿದೆ ಅಂತ ಹೇಳಿದರೆ ವಿದ್ಯಾರ್ಥಿಗಳ ಮುಖ ಅರಳುತ್ತದೆ. ಕಲಿಯುವುದಕ್ಕೆ ಒಂದು ಕಾರಣ ಸಿಕ್ಕ ಹಾಗೆ ಆಗುತ್ತದೆ.

ಜೋಡಣೆಯ ತರ್ಕ ಸರಳ. ಮೊದಲು ವ್ಯಂಜನ, ಆಮೇಲೆ ಸ್ವರ ಒತ್ತಿದರೆ ಗುಣಿತಾಕ್ಷರ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ. 'ಅಮ್ಮ' ಬರೆಯಲು ಎ, ಎಂ, ಎಫ್, ಎಂ. 'ವಿದ್ಯುತ್' ಬರೆಯಲು ವಿ, ಐ, ಡಿ, ಎಫ್, ವೈ, ಯು, ಟಿ, ಕೊನೆಯಲ್ಲಿ ಮತ್ತೆ ಎಫ್. ಈ ಎಫ್ ಒಂದು ಕೈಗೆ ಹತ್ತಿದರೆ ಅರ್ಧ ಕೆಲಸ ಆಯಿತು. ದಿನಕ್ಕೆ 15 ನಿಮಿಷ, ಪ್ರಾರ್ಥನೆ ಮುಗಿದ ಕೂಡಲೇ. ಕಾಗುಣಿತ ಅಭ್ಯಾಸ ಅಂತ ಬೇರೆ ಏನೋ ಟೈಪ್ ಮಾಡಿಸಬೇಡಿ. ಅವತ್ತಿನ ತಮ್ಮದೇ ಪಾಠ ಯೋಜನೆಯ ಒಂದು ಪ್ಯಾರಾ ಟೈಪ್ ಮಾಡಲಿ. ಆ ತಿಂಗಳ ಕೊನೆಗೆ ಕೈಯಲ್ಲಿ ಒಂದು ಯೋಜನೆಯೂ ಇರುತ್ತದೆ.

ಇದರ ಜೊತೆಗೇ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತದ ವಿಷಯ ಹೇಳಲೇಬೇಕು. ಕಾಲೇಜಿನಲ್ಲಿ ಚಂದವಾಗಿ ಕಂಡ ಪ್ರಶ್ನೆಪತ್ರಿಕೆ ಶಾಲೆಯ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಆಗಿರುತ್ತದೆ. ನೋಡಿದವರು "ವೈರಸ್ ಬಂದಿದೆ" ಅಂತಾರೆ. ವೈರಸ್ ಅಲ್ಲ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸ್ವಂತ ಸಂಖ್ಯೆ ಇದೆ. ಹಾಗಾಗಿ ಫೋನಿನಲ್ಲಿ, ಮೇಲ್‌ನಲ್ಲಿ, ಗೂಗಲ್‌ನಲ್ಲಿ ಎಲ್ಲ ಕಡೆ ಓದಲು ಬರುತ್ತದೆ, ಹುಡುಕಲೂ ಬರುತ್ತದೆ. ಶಾಲೆಗಳಲ್ಲಿ ಹಳೆಯ ಫೈಲ್‌ಗಳು ಬೇಕಾದಷ್ಟು ಇರುತ್ತವೆ. ಅವುಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡುವುದು ಒಂದು ಗಂಟೆಯ ಪಾಠ. ಪರಿವರ್ತನೆ ಆದ ಮೇಲೆ ಒತ್ತಕ್ಷರ, ಅರ್ಕಾವತ್ತು ತಿರುಗಿಮುರುಗಿ ಆಗಿದೆಯಾ ಅಂತ ಒಮ್ಮೆ ಓದಿ ತಿದ್ದಬೇಕು, ಅದನ್ನೂ ಮಾಡಿಸಿ.

ಅವರು ಹೋಗುವ ಶಾಲೆ ನೋಡಿ ಬನ್ನಿ

ವಿದ್ಯಾರ್ಥಿಗೆ ಏನು ಬರುವುದಿಲ್ಲ ಅನ್ನುವುದು ಅಗತ್ಯದ ಅರ್ಧ ಭಾಗ. ಇನ್ನರ್ಧ ಶಾಲೆಯಲ್ಲಿದೆ. ಎನ್‌ಸಿಟಿಇಯ (ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ) 2014ರ ನಿಯಮಗಳಲ್ಲಿ ಬಿ.ಎಡ್ ಎರಡು ವರ್ಷದ್ದಾಯಿತು. ಶಾಲೆಯಲ್ಲಿ ಕಳೆಯಬೇಕಾದ ಸಮಯ ಒಟ್ಟು 20 ವಾರ ಅಂತ ನಿಗದಿಯಾಯಿತು, ಮೊದಲ ವರ್ಷ 4, ಎರಡನೇ ವರ್ಷ 16. ಅಂದರೆ ನಾವು ಲ್ಯಾಬಿನಲ್ಲಿ ಕಲಿಸಿದ್ದೆಲ್ಲ ಹೋಗಿ ನಿಲ್ಲುವುದು ಆ 16 ವಾರಗಳಲ್ಲಿ.

ಉಡುಪಿ ಪೇಟೆಯ, ಮಂಗಳೂರಿನ ಕೆಲವು ಶಾಲೆಗಳಲ್ಲಿ ದೊಡ್ಡ ಟಚ್ ಪ್ಯಾನೆಲ್ ಇದೆ. ಹೆಬ್ರಿ ದಾಟಿ ಘಟ್ಟದ ಬುಡಕ್ಕೆ ಹೋದರೆ, ಅಮಾಸೆಬೈಲು ಕಡೆ ಹೋದರೆ, ಸಿಗ್ನಲ್ ಸಿಗಲು ಅಂಗಳದ ಒಂದು ನಿರ್ದಿಷ್ಟ ಮೂಲೆಗೆ ಹೋಗಬೇಕಾದ ಶಾಲೆಗಳಿವೆ. ಜೂನ್‌ನಿಂದ ಮಳೆ ಹಿಡಿದರೆ ಗಾಳಿಗೆ ಮರ ಬಿದ್ದು ಕರೆಂಟ್ ಹೋಗುವುದು ನಮ್ಮ ಜಿಲ್ಲೆಗಳಲ್ಲಿ ಮಾಮೂಲು. ಕಾಲೇಜಿನ ಎಸಿ ಲ್ಯಾಬಿನಲ್ಲಿ ಕಲಿತದ್ದು ಅಲ್ಲಿ ನಡೆಯಬೇಕು.

ಹಾಗಾಗಿ ನಾವು ಪ್ರತಿ ಇಂಟರ್ನ್‌ಶಿಪ್ ಶಾಲೆಗೂ ಒಂದು ಕಾರ್ಡ್ ಮಾಡುತ್ತೇವೆ. ಮೊದಲ ವರ್ಷದ 4 ವಾರದಲ್ಲಿ ವಿದ್ಯಾರ್ಥಿಗಳೇ ತುಂಬಿಸಿ ತರುತ್ತಾರೆ. ಪ್ರೊಜೆಕ್ಟರ್ ಇದೆಯಾ, ಅದಕ್ಕೆ ಎಚ್‌ಡಿಎಂಐ ಕೇಬಲ್ ಹಾಕುವ ಜಾಗ ಇದೆಯಾ ಅಥವಾ ಬರೀ ಹಳೆಯ ವಿಜಿಎ. ಪ್ಲಗ್ ಪಾಯಿಂಟ್ ಗೋಡೆಯ ಯಾವ ಕಡೆ ಇದೆ, ಎರಡು ಪಿನ್ ಅಥವಾ ಮೂರು ಪಿನ್. ಬೆಳಿಗ್ಗೆ 11 ಗಂಟೆಗೆ ಬಿಸಿಲು ಯಾವ ಗೋಡೆಗೆ ಬೀಳುತ್ತದೆ. ಯುಪಿಎಸ್ ಬ್ಯಾಟರಿ ಜೀವಂತ ಇದೆಯಾ. ಯಾವ ಸಿಮ್‌ಗೆ ಸಿಗ್ನಲ್. ಮತ್ತು ಬಹಳ ಮುಖ್ಯ, ಕಂಪ್ಯೂಟರ್ ಕೋಣೆಯ ಬೀಗದ ಕೀ ಯಾರ ಹತ್ತಿರ ಇರುತ್ತದೆ. ಈ ಕೊನೆಯ ಸಾಲು ಬರೆಸಲು ಕಾರಣ ಇದೆ. ಒಂದು ಶಾಲೆಯಲ್ಲಿ ಒಳ್ಳೆಯ ಕಂಪ್ಯೂಟರ್‌ಗಳಿದ್ದವು. ಕೀ ಇಟ್ಟುಕೊಂಡಿದ್ದ ಶಿಕ್ಷಕರು ಬೇರೆ ಶಾಲೆಗೆ ನಿಯೋಜನೆ ಮೇಲೆ ಹೋಗಿದ್ದರು. ನಮ್ಮ ವಿದ್ಯಾರ್ಥಿಗಳ ಅರ್ಧ ಇಂಟರ್ನ್‌ಶಿಪ್ ಆ ಬಾಗಿಲ ಹೊರಗೇ ಕಳೆಯಿತು.

ಡಿಎಸ್‌ಇಆರ್‌ಟಿಯ (ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆ) ಟಾಲ್ಪ್ ಅನ್ನುವ ತಂತ್ರಜ್ಞಾನ ಆಧಾರಿತ ಕಲಿಕೆಯ ಕಾರ್ಯಕ್ರಮದಲ್ಲಿ ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟು ಶಿಕ್ಷಕರಿಗೆ ತರಬೇತಿಯನ್ನೂ ಕೊಟ್ಟಿದ್ದಾರೆ. ನೀವು ಹೋಗುವ ಶಾಲೆಯಲ್ಲಿ ಆ ತರಬೇತಿ ಪಡೆದವರು ಯಾರು ಅಂತ ವಿಚಾರಿಸಿ. ಅಂಥವರನ್ನು ಮಾರ್ಗದರ್ಶಿ ಶಿಕ್ಷಕರಾಗಿ ಕೇಳಿ ಪಡೆಯಿರಿ. ಹೊರಗಿನಿಂದ ಕರೆಸುವ ದೊಡ್ಡ ಸಂಪನ್ಮೂಲ ವ್ಯಕ್ತಿಗಿಂತ ಅವರು ಜಾಸ್ತಿ ಕಲಿಸುತ್ತಾರೆ.

ಐಸಿಟಿ ಪೀರಿಯಡ್‌ನಿಂದ ಮೆಥಡ್ ಪೀರಿಯಡ್‌ಗೆ ತನ್ನಿ

ಬಿ.ಎಡ್ ಪಠ್ಯಕ್ರಮದಲ್ಲಿ ಐಸಿಟಿ, ಅಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಕುರಿತ ಪತ್ರಿಕೆ ಇದ್ದೇ ಇದೆ. ತೊಂದರೆ ಏನೆಂದರೆ, ಅದನ್ನು ಒಬ್ಬರು ಲ್ಯಾಬಿನಲ್ಲಿ ಮುಗಿಸುತ್ತಾರೆ. ವಿಜ್ಞಾನ, ಗಣಿತ, ಕನ್ನಡ ಮೆಥಡ್ (ಬೋಧನಾ ಪದ್ಧತಿ) ಹೇಳುವವರು ತಮ್ಮ ಕೋಣೆಯಲ್ಲಿ ತಮ್ಮ ಪಾಡಿಗೆ ಇರುತ್ತಾರೆ. ಎರಡನ್ನೂ ಸೇರಿಸುವ ಕೆಲಸ ವಿದ್ಯಾರ್ಥಿಯ ತಲೆಗೆ ಬೀಳುತ್ತದೆ. ಶಿಕ್ಷಣ ಸಂಶೋಧಕರಾದ ಪುನ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಟಿಪ್ಯಾಕ್ ಅನ್ನುವ ಚೌಕಟ್ಟು ಮುಂದಿಟ್ಟರು. ವಿಷಯಜ್ಞಾನ, ಬೋಧನಾಜ್ಞಾನ, ತಂತ್ರಜ್ಞಾನ ಮೂರೂ ಒಂದೇ ಪಾಠದಲ್ಲಿ ಕೂಡಿಬರಬೇಕು ಅನ್ನುವುದು ಅದರ ತಿರುಳು. ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಅದರ ಮೂರು ವೃತ್ತಗಳ ಚಿತ್ರ ಅಂದವಾಗಿ ಬಿಡಿಸುತ್ತಾರೆ. ಪಾಠದಲ್ಲಿ ಅದು ಕಾಣಬೇಕಾದರೆ ಮೆಥಡ್ ಉಪನ್ಯಾಸಕರೇ ಕೇಬಲ್ ಹಿಡಿಯಬೇಕು.

ನಮ್ಮಲ್ಲಿ ಈಗ ಪ್ರತಿ ಪಾಠ ಯೋಜನೆಗೂ ಮೂರು ರೂಪ ಬರೆಸುತ್ತೇವೆ. ಕರೆಂಟ್, ನೆಟ್ ಎರಡೂ ಇದ್ದರೆ ಹೇಗೆ. ಕರೆಂಟ್ ಇದ್ದು ನೆಟ್ ಇಲ್ಲದಿದ್ದರೆ ಹೇಗೆ. ಎರಡೂ ಇಲ್ಲದೆ ಕೈಯಲ್ಲಿ ಒಂದು ಚಾರ್ಜ್ ಆದ ಫೋನ್ ಮಾತ್ರ ಇದ್ದರೆ ಹೇಗೆ. ಮೂರನೆಯದನ್ನು ಬರೆಯುವಾಗಲೇ ವಿದ್ಯಾರ್ಥಿಗಳು ನಿಜವಾಗಿ ಯೋಚಿಸಲು ಶುರು ಮಾಡುತ್ತಾರೆ.

ಒಂದು ಪಾಠದ ಬಗ್ಗೆ ಹೇಳುತ್ತೇನೆ. ಒಂಬತ್ತನೇ ತರಗತಿ, 'ಶಬ್ದ' ಅಧ್ಯಾಯ, ಜುಲೈ ತಿಂಗಳು. ನಮ್ಮ ವಿದ್ಯಾರ್ಥಿನಿ ಶ್ರುತಿಕವೆಯ ಒಂದು ವಿಡಿಯೋ ತಂದಿದ್ದಳು. ಶಾಲೆಗೆ ಶೀಟಿನ ಮಾಡು. ಮಳೆ ಜೋರಾಯಿತು, ಕರೆಂಟೂ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ವಿಡಿಯೋ ಹಾಕಿದರೂ ಮಳೆಯ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಅವಳು ವಿಡಿಯೋ ನಿಲ್ಲಿಸಿ ಫೋನ್ ತೆಗೆದಳು. ಅದರಲ್ಲಿ ಫೈಫಾಕ್ಸ್ ಅನ್ನುವ ಆಪ್ ಇತ್ತು. ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ಉಚಿತ, ನೆಟ್ ಬೇಡ. ಫೋನಿನ ಸೆನ್ಸರ್‌ಗಳನ್ನೇ ಅಳತೆಯ ಉಪಕರಣ ಮಾಡಿಕೊಡುತ್ತದೆ. ಮೈಕ್‌ಗೆ ಬಂದ ಶಬ್ದವನ್ನು ಅಲೆಯ ಗೆರೆಯಾಗಿ ತೋರಿಸುವ ವ್ಯವಸ್ಥೆಯೂ ಅದರಲ್ಲಿದೆ. ಫೋನ್ ಹಿಡಿದು ಬೆಂಚಿನಿಂದ ಬೆಂಚಿಗೆ ಹೋದಳು. ಮಳೆಯ ಸದ್ದಿಗೆ ಗೆರೆ ಅಡ್ಡಾದಿಡ್ಡಿ ಕುಣಿಯುತ್ತಿತ್ತು. ಒಬ್ಬ ಹುಡುಗನಿಗೆ ಫೋನಿನ ಹತ್ತಿರ ಬಂದು ಸಿಳ್ಳೆ ಹಾಕು ಅಂದಳು. ಆ ಗದ್ದಲದ ನಡುವೆಯೇ ಒಂದೇ ಸಮನಾದ ಅಲೆ ಎದ್ದು ಕಂಡಿತು. "ಸಿಳ್ಳೆಗೂ ಮಳೆಗೂ ಏನು ವ್ಯತ್ಯಾಸ ನೋಡಿ?" ಅಂತ ಕೇಳಿದಳು. ಆವೃತ್ತಿ ಅನ್ನುವ ಪದ ಅವಳು ಹೇಳುವ ಮೊದಲೇ ಒಬ್ಬಳು ಹುಡುಗಿ "ಸಿಳ್ಳೆ ಒಂದೇ ಥರ ತಿರುಗಿ ತಿರುಗಿ ಬರುತ್ತದೆ ಟೀಚರ್" ಅಂದಳು. ಮೂರನೇ ರೂಪ ಬರೆದು ತಂದಿದ್ದರಿಂದಲೇ ಅವಳ ಫೋನಿನಲ್ಲಿ ಆ ಆಪ್ ಇತ್ತು.

ವಿಜ್ಞಾನ, ಗಣಿತದವರಿಗೆ ನಾವು ಕಲಿಸುವ ಸಾಧನಗಳು ಜಾಸ್ತಿ ಇಲ್ಲ. ಮೊದಲನೆಯದು ಪ್ರಯೋಗಗಳನ್ನು ಪರದೆಯಲ್ಲೇ ಮಾಡಿನೋಡುವ ಫೆಟ್. ಅಮೆರಿಕದ ಕೊಲೊರಾಡೋ ವಿಶ್ವವಿದ್ಯಾಲಯದ್ದು, ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೈಮನ್ 2002ರಲ್ಲಿ ಶುರು ಮಾಡಿದ್ದು. ಅದರ ಹಲವು ಸಿಮ್ಯುಲೇಷನ್‌ಗಳು ಕನ್ನಡದಲ್ಲೂ ಇವೆ, ಡೌನ್‌ಲೋಡ್ ಮಾಡಿಕೊಂಡರೆ ನೆಟ್ ಇಲ್ಲದೆ ಓಡುತ್ತವೆ. ಗಣಿತಕ್ಕೆ ಆಕೃತಿ, ನಕ್ಷೆ ಬಿಡಿಸುವ ಜಿಯೋಜೀಬ್ರಾ. 2017ರಲ್ಲಿ ಬಂದ ಕೇಂದ್ರ ಸರಕಾರದ ದೀಕ್ಷಾ ವೇದಿಕೆಯಿಂದ ವಿಡಿಯೋ, ಅಭ್ಯಾಸ ಹಾಳೆಗಳು. ಕರ್ನಾಟಕದ ಶಿಕ್ಷಕರೇ ಸೇರಿ ಕಟ್ಟಿದ ಕೋಯರ್ ಮುಕ್ತ ಸಂಪನ್ಮೂಲ ತಾಣವನ್ನೂ ತೋರಿಸಿ. ಹತ್ತು ಆಪ್ ಹೆಸರು ಹೇಳುವುದಕ್ಕಿಂತ ಒಂದರಲ್ಲಿ ಒಂದು ಪಾಠ ಪೂರ್ತಿ ಮಾಡಿಸುವುದು ಮೇಲು.

ವಿಡಿಯೋ ಬಳಸುವವರಿಗೆ ಒಂದು ಕಟ್ಟುನಿಟ್ಟು ನಿಯಮ ಇಡಿ. ಯೋಜನೆಯಲ್ಲಿ ಬರೀ 'ವಿಡಿಯೋ ತೋರಿಸುವುದು' ಅಂತ ಬರೆದರೆ ಒಪ್ಪಬೇಡಿ. ಎಷ್ಟನೇ ನಿಮಿಷದಿಂದ ಎಷ್ಟರವರೆಗೆ, ನಡುವೆ ಎಲ್ಲಿ ನಿಲ್ಲಿಸುತ್ತೀರಿ, ನಿಲ್ಲಿಸಿದಾಗ ಏನು ಕೇಳುತ್ತೀರಿ, ಮಕ್ಕಳು ಏನು ಹೇಳಬಹುದು. ಇಷ್ಟು ಇಲ್ಲದಿದ್ದರೆ ಅದು ಪಾಠ ಅಲ್ಲ, ಸುಮ್ನೆ ಟಿವಿ.

ಕನ್ನಡ, ಸಮಾಜ ವಿಜ್ಞಾನದವರನ್ನು ಬಿಡಬೇಡಿ

ತಂತ್ರಜ್ಞಾನ ಅಂದರೆ ವಿಜ್ಞಾನದವರದು ಅನ್ನುವ ಭಾವನೆ ನಮ್ಮಲ್ಲಿ ಇನ್ನೂ ಇದೆ. ಭಾಷೆಯ ವಿದ್ಯಾರ್ಥಿಗಳು ಲ್ಯಾಬಿನಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ನನಗೆ ಇದು ಬೇಸರದ ವಿಷಯ. ಯಾಕೆಂದರೆ ಅವರ ಕೈಯಲ್ಲಿರುವ ಸಾಧ್ಯತೆ ದೊಡ್ಡದು.

ನಮ್ಮ ತರಗತಿಗಳಲ್ಲಿ ಒಂದೇ ಬೆಂಚಿನಲ್ಲಿ ತುಳು, ಕುಂದಗನ್ನಡ, ಕೊಂಕಣಿ, ಬ್ಯಾರಿ ಮನೆಮಾತಿನ ಮಕ್ಕಳು ಕೂತಿರುತ್ತಾರೆ. ಪಠ್ಯದ ಕನ್ನಡ ಅವರಲ್ಲಿ ಅನೇಕರಿಗೆ ಎರಡನೇ ಮಾತು. ಕನ್ನಡ ಮೆಥಡ್‌ನವರಿಗೆ ನಾವು ಕೊಡುವ ಕೆಲಸ ಹೀಗಿದೆ: ಮಕ್ಕಳು ಮನೆಯಲ್ಲಿ ಅಜ್ಜಿಯೋ ಅಮ್ಮನೋ ಹೇಳುವ ಒಂದು ಗಾದೆಯನ್ನೋ ಒಗಟನ್ನೋ ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ತರುತ್ತಾರೆ. ತರಗತಿಯಲ್ಲಿ ಕೇಳಿಸಿ, ಕನ್ನಡದಲ್ಲಿ ಬರೆದು, ಅರ್ಥ ಚರ್ಚಿಸುತ್ತಾರೆ. ವಿದ್ಯಾರ್ಥಿ ಶಿಕ್ಷಕರಿಗೆ ಇದಕ್ಕೆ ಬೇಕಾಗುವುದು ಮೂರೇ ಕೌಶಲ: ಗಾಳಿಯ ಸದ್ದು ಇಲ್ಲದೆ ರೆಕಾರ್ಡ್ ಮಾಡುವುದು, ಬೇಡದ್ದನ್ನು ಕತ್ತರಿಸುವುದು, ಫೈಲ್‌ಗೆ ಸರಿಯಾದ ಹೆಸರು ಕೊಟ್ಟು ಇಡುವುದು. ತುಳು ವಿಕಿಪೀಡಿಯ 2016ರಿಂದ ಇದೆ, ಕನ್ನಡ ಲಿಪಿಯಲ್ಲೇ. ಅಲ್ಲಿ ಊರಿನ ಬಗ್ಗೆ ನಾಲ್ಕು ಸಾಲು ಸೇರಿಸುವುದನ್ನು ಕಲಿತವರು ಮಾಹಿತಿಗೆ ಆಧಾರ ಹುಡುಕುವುದನ್ನೂ ಕಲಿಯುತ್ತಾರೆ.

ಸಮಾಜ ವಿಜ್ಞಾನಕ್ಕೆ ಗೂಗಲ್ ಅರ್ತ್ ಒಂದು ಸಾಕು. ಕೋಡಿ ಬೆಂಗ್ರೆ ತೆರೆಯಿರಿ. ಸುವರ್ಣಾ ಮತ್ತು ಸೀತಾ ನದಿಗಳು ಕೂಡಿ ಸಮುದ್ರಕ್ಕೆ ಸೇರುವ ಜಾಗ. ಹಳೆಯ ವರ್ಷಗಳ ಉಪಗ್ರಹ ಚಿತ್ರಗಳನ್ನು ಒಂದರ ಮೇಲೊಂದು ನೋಡುತ್ತಾ ಬನ್ನಿ. ಮರಳಿನ ದಂಡೆ ಎಲ್ಲಿ ಬೆಳೆದಿದೆ, ಎಲ್ಲಿ ಕರಗಿದೆ ಅಂತ ಮಕ್ಕಳೇ ಹೇಳುತ್ತಾರೆ. ಮಲ್ಪೆಯಲ್ಲಿ ಅಪ್ಪ ಬೋಟಿಗೆ ಹೋಗುವ ಮಗುವಿಗೆ ಆ ಪಾಠದಲ್ಲಿ ಹೇಳಲು ಬೇಕಾದಷ್ಟು ಇರುತ್ತದೆ.

ಕೇಬಲ್ ಮತ್ತು ಶಬ್ದ

ಚಿಕ್ಕ ವಿಷಯ, ಆದರೆ ಪಾಠ ಕೆಡುವುದು ಇಲ್ಲೇ. ವಿಜಿಎ ಕೇಬಲ್‌ನಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಶಬ್ದ ಹೋಗುವುದಿಲ್ಲ. ಎಚ್‌ಡಿಎಂಐನಲ್ಲಿ ಎರಡೂ ಹೋಗುತ್ತವೆ, ಆಗ ಲ್ಯಾಪ್‌ಟಾಪ್ ಸ್ಪೀಕರ್ ಸುಮ್ಮನಾಗಿ ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿನಿಂದ ಸಣ್ಣ ದನಿ ಬರುತ್ತದೆ. ಶಬ್ದ ಎಲ್ಲಿಂದ ಬರಬೇಕು ಅಂತ ಸೆಟ್ಟಿಂಗ್‌ನಲ್ಲಿ ಆರಿಸಬೇಕು. ಪರದೆಯಲ್ಲಿ ಏನೂ ಕಾಣದಿದ್ದರೆ ವಿಂಡೋಸ್ ಕೀಲಿ ಹಿಡಿದು ಪಿ ಒತ್ತಿ, ನಕಲು ತೋರಿಸುವ ಆಯ್ಕೆ ಹಾಕಿ. ಇಷ್ಟನ್ನು ಪ್ರತಿಯೊಬ್ಬರೂ ಸ್ವಂತ ಕೈಯಿಂದ ಮಾಡಬೇಕು. ಪ್ರತಿ ಸಲ ಒಬ್ಬನೇ ಹುಡುಗ ಎದ್ದು ಬಂದು ಸರಿಮಾಡಿಕೊಡುವುದು ನಿಲ್ಲಬೇಕು. ಹುಡುಗಿಯರೇ ಜಾಸ್ತಿ ಇರುವ ಬ್ಯಾಚಿನಲ್ಲೂ ಕೇಬಲ್ ಬಂದಾಗ ಎಲ್ಲರೂ ಆ ಇಬ್ಬರು ಮೂವರು ಹುಡುಗರ ಕಡೆ ನೋಡುತ್ತಾರೆ. ಉಪನ್ಯಾಸಕರು ಗಮನ ಕೊಟ್ಟು ತಪ್ಪಿಸಬೇಕಾದ ಅಭ್ಯಾಸ ಇದು.

ಮೈಕ್ರೋ ಟೀಚಿಂಗ್, ಅಂದರೆ ಒಂದೊಂದೇ ಕೌಶಲದ ಕಿರುಪಾಠದ ಅಭ್ಯಾಸ, ನಾವೆಲ್ಲ ಮಾಡಿಸುತ್ತೇವೆ ಅಲ್ವಾ? 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶುರುವಾದ ಆ ಪದ್ಧತಿಗೆ ಒಂದು ಕೌಶಲ ಸೇರಿಸಿ: ಪರದೆಯಿಂದ ಕರಿಹಲಗೆಗೆ, ಕರಿಹಲಗೆಯಿಂದ ಮಕ್ಕಳಿಗೆ ಗಮನ ದಾಟಿಸುವುದು. ಐದು ನಿಮಿಷ. ಗೆಳತಿ ಫೋನಿನಲ್ಲಿ ರೆಕಾರ್ಡ್ ಮಾಡಲಿ. ಪರದೆಗೆ ಮುಖ ಮಾಡಿ, ಮಕ್ಕಳಿಗೆ ಬೆನ್ನು ಹಾಕಿ ಓದುತ್ತಾ ನಿಂತದ್ದು ಆ ವಿಡಿಯೋದಲ್ಲಿ ಅವರಿಗೇ ಕಾಣುತ್ತದೆ. ನಾವು ಹೇಳಬೇಕಾಗಿಲ್ಲ.

ಎಐ ಬರೆದ ಪಾಠ ಯೋಜನೆ ಬಂದಾಗ

ಈಗ ಬರುತ್ತಿರುವ ಯೋಜನೆಗಳಲ್ಲಿ ಬಹಳಷ್ಟು ಚಾಟ್‌ಜಿಪಿಟಿಯಂಥವು ಬರೆದದ್ದು. ಬೇಡ ಅಂದರೆ ಕದ್ದು ಬಳಸುತ್ತಾರೆ. ಅದಕ್ಕಿಂತ ತರಗತಿಯಲ್ಲೇ ತೆರೆದು ತಿದ್ದಿಸುವುದು ಒಳ್ಳೆಯದು. ಒಂದು ಅಧ್ಯಾಯಕ್ಕೆ ಕನ್ನಡದಲ್ಲಿ ಯೋಜನೆ ಕೇಳಿ, ಪ್ರಿಂಟ್ ತೆಗೆದು, ಕೈಗೆ ಕೆಂಪು ಪೆನ್ ಕೊಡಿ. ಪಠ್ಯಪುಸ್ತಕ ಪಕ್ಕದಲ್ಲಿರಲಿ. ನಮ್ಮ ಪುಸ್ತಕದಲ್ಲಿ 'ವೇಗೋತ್ಕರ್ಷ' ಇರುವ ಕಡೆ ಅದು 'ವೇಗವರ್ಧನೆ' ಅಂತ ಬರೆದಿರಬಹುದು. ಮಕ್ಕಳಿಗೆ ಅವೆರಡೂ ಬೇರೆ ಬೇರೆ ಅನಿಸುತ್ತದೆ. ಉದಾಹರಣೆಗಳಲ್ಲಿ ಮೆಟ್ರೋ ರೈಲು, ಹಿಮ ಇರುತ್ತದೆ. ಅದನ್ನು ಹೊಡೆದು ಮಲ್ಪೆ ಬಂದರು, ಆಗುಂಬೆ ಘಾಟಿಯ ತಿರುವು ಹಾಕಲಿ. ಚಟುವಟಿಕೆಗೆ ಕೊಟ್ಟ ಸಮಯ ಕೂಡಿಸಿ ನೋಡಲಿ, 40 ನಿಮಿಷದಲ್ಲಿ ಮುಗಿಯುತ್ತದಾ ಅಂತ. ಈ ತಿದ್ದುಪಡಿ ಮಾಡಲು ವಿಷಯ ಗೊತ್ತಿರಬೇಕು. ಎಲ್ಲಿ ಗೊತ್ತಿಲ್ಲ ಅನ್ನುವುದು ಅವರಿಗೂ ನಮಗೂ ಅಲ್ಲೇ ತಿಳಿಯುತ್ತದೆ.

ಮಕ್ಕಳ ಫೋಟೋ, ಮಕ್ಕಳ ಅಂಕ

ಇಂಟರ್ನ್‌ಶಿಪ್‌ನ ಮೊದಲ ದಿನವೇ ಮಕ್ಕಳ ಜೊತೆಗಿನ ಸೆಲ್ಫಿ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಬರುತ್ತದೆ. ಪ್ರೀತಿಯಿಂದಲೇ ಹಾಕುತ್ತಾರೆ, ಅದು ನನಗೆ ಗೊತ್ತು. ಆದರೂ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಕಾಯ್ದೆ ಬದಿಗಿಟ್ಟರೂ, ಸಮವಸ್ತ್ರದಲ್ಲಿ ಶಾಲೆಯ ಹೆಸರು ಕಾಣುವ ಮಗುವಿನ ಮುಖ ಗೊತ್ತಿಲ್ಲದವರ ಫೋನಿಗೆ ಹೋಗಬಾರದು. ಪಾಠದ ದಾಖಲೆಗೆ ಫೋಟೋ ಬೇಕಾದರೆ ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಹಿಂದಿನಿಂದ, ಮಕ್ಕಳ ಕೈಕೆಲಸ ಕಾಣುವ ಹಾಗೆ ತೆಗೆಯಲಿ. ಅಂಕಪಟ್ಟಿಯನ್ನು ಗುಂಪಿನಲ್ಲಿ ಹಾಕುವುದೂ ಬೇಡ. ಪೋಷಕರು ಯಾರಾದರೂ ಆನ್‌ಲೈನ್ ವಂಚನೆಗೆ ಸಿಕ್ಕಿ ಟೀಚರನ್ನು ಕೇಳಿದರೆ ಸೈಬರ್ ವಂಚನೆಯ ಸಹಾಯವಾಣಿ 1930 ಸಂಖ್ಯೆ ಹೇಳಲು ಗೊತ್ತಿರಲಿ.

ಎಸ್‌ಎಟಿಎಸ್, ಯುಡೈಸ್‌ನಂಥ ಮಕ್ಕಳ, ಶಾಲೆಯ ಮಾಹಿತಿ ತುಂಬಿಸುವ ಸರಕಾರಿ ಆನ್‌ಲೈನ್ ದಾಖಲೆಗಳ ಕೆಲಸವನ್ನು ಶಾಲೆಯ ಶಿಕ್ಷಕರ ಪಕ್ಕ ಕೂತು ನೋಡಿದರೆ ಸಾಕು. ಪಾಸ್‌ವರ್ಡ್ ಮಾತ್ರ ಕೇಳಬಾರದು, ಕೊಟ್ಟರೂ ತೆಗೆದುಕೊಳ್ಳಬಾರದು.

ಸಮಯ, ಬಸ್ಸು, ದುಡ್ಡು

ಲ್ಯಾಬ್ ಅಭ್ಯಾಸ ಸಂಜೆ ನಾಲ್ಕೂವರೆಗೆ ಇಟ್ಟರೆ ಬೈಂದೂರು, ಹೆಬ್ರಿ ಕಡೆಯಿಂದ ಬರುವವರು ಬರುವುದಿಲ್ಲ. ಅವರಿಗೆ ಬಸ್ಸು ಹಿಡಿಯಬೇಕು. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದವರೂ ಹೆಚ್ಚಾಗಿ ಅವರೇ. ಊಟದ ಬಿಡುವಿನ ಪಕ್ಕದ ಪೀರಿಯಡ್ ಕೊಡಿ, ಆ ಹೊತ್ತಿಗೆ ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಮೊದಲ ಹಕ್ಕು ಅಂತ ಬೋರ್ಡಿನಲ್ಲಿ ಬರೆಯಿರಿ. ಕಲಿಸಲು ಎರಡನೇ ವರ್ಷದವರನ್ನೇ ಕೂರಿಸಿ. ತಾವು ಇತ್ತೀಚೆಗೆ ಸಿಕ್ಕಿಹಾಕಿಕೊಂಡ ಜಾಗ ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ಮೊದಲ ಮಧ್ಯಾಹ್ನದ ಅದೇ ಮೇಜುಗಳನ್ನು ಇಂಟರ್ನ್‌ಶಿಪ್‌ಗೆ ಹೋಗುವ ಒಂದು ತಿಂಗಳು ಮೊದಲು ಮತ್ತೆ ಹಾಕಿ. ಹಳೆಯ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ನೋಡಿ. ಇನ್ನೂ ಸಿಕ್ಕಿಹಾಕಿಕೊಳ್ಳುವವರ ಜೊತೆ ಆ ಒಂದು ತಿಂಗಳು ಕೂರಲು ಸಮಯ ಇರುತ್ತದೆ. ಆಮೇಲೆ ಶಾಲೆಯಲ್ಲಿ ಪಾಠ ನೋಡುವಾಗ ವೀಕ್ಷಣಾ ಹಾಳೆಯಲ್ಲಿ ಎರಡು ಸಾಲು ಸೇರಿಸಿ: ಸಾಧನ ಇಲ್ಲದಿದ್ದರೆ ಮಕ್ಕಳು ಏನನ್ನು ಕಳೆದುಕೊಳ್ಳುತ್ತಿದ್ದರು? ಸಾಧನ ಬಳಸಿದ ಹೊತ್ತಿನಲ್ಲಿ ಮಕ್ಕಳು ಎಷ್ಟು ಮಾತಾಡಿದರು?

ಇನ್ನು ಖರೀದಿ. ಕಾಲೇಜಿನಲ್ಲಿ ದುಡ್ಡು ಇದೆ ಅಂದರೆ ಮೊದಲು ದೊಡ್ಡ ಪ್ಯಾನೆಲ್ ಕಡೆ ಮನಸ್ಸು ಹೋಗುತ್ತದೆ. ಅದಕ್ಕೆ ಮೊದಲು ಪ್ರತಿ ಇಂಟರ್ನ್‌ಶಿಪ್ ತಂಡಕ್ಕೆ ಒಂದು ಚೀಲ ಮಾಡಿಕೊಡಿ. ಎಚ್‌ಡಿಎಂಐಯಿಂದ ವಿಜಿಎಗೆ ಹಾಕುವ ಒಂದು ಅಡಾಪ್ಟರ್, ಉದ್ದ ವೈರಿನ ಎಕ್ಸ್‌ಟೆನ್ಷನ್ ಬೋರ್ಡ್, ಎರಡು ಪಿನ್ ಪರಿವರ್ತಕ, ಒಂದು ಪುಟ್ಟ ಸ್ಪೀಕರ್, ದೀಕ್ಷಾ ಮತ್ತು ಫೆಟ್ ಫೈಲ್‌ಗಳು ತುಂಬಿದ ಪೆನ್‌ಡ್ರೈವ್, ಒಂದು ಪವರ್ ಬ್ಯಾಂಕ್, ಕಿಟಕಿಗೆ ಅಂಟಿಸಲು ನಾಲ್ಕು ಕಪ್ಪು ಡ್ರಾಯಿಂಗ್ ಶೀಟ್. ಜೊತೆಗೆ ಆ ಶಾಲೆಯ ಕಾರ್ಡ್. ಚೀಲದ ಒಳಗೆ ಸಾಮಾನಿನ ಪಟ್ಟಿ ಅಂಟಿಸಿ, ವಾಪಸ್ ಬಂದಾಗ ಎಣಿಸಿ ತೆಗೆದುಕೊಳ್ಳಿ. ಅಡಾಪ್ಟರ್ ಪ್ರತಿ ವರ್ಷ ಒಂದೆರಡು ಕಳೆದುಹೋಗುತ್ತದೆ, ಹಾಗಾಗಿ ಎರಡು ಜಾಸ್ತಿಯೇ ತಂದಿಡಿ.